ಹೊಸ ಬೈಕಿನ ಮೊದಲ ಸಾವಿರ ಕಿಲೋಮೀಟರ್: ಮೈಸೂರು–ಮಂಡ್ಯದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಎ 09, ಕೆಎ 55 ಅಥವಾ ಕೆಎ 11 ಎಂಬ ಹೊಸ ಫಲಕ ಹೊತ್ತ ಬೈಕು ಮನೆಯ ಮುಂದೆ ಬಂದು ನಿಂತ ದಿನದಿಂದಲೇ ಸಲಹೆಗಳು ಶುರುವಾಗುತ್ತವೆ. ಮಾವನವರದು ಒಂದು ಮಾತು, ಬೀದಿಯ ಮೆಕ್ಯಾನಿಕ್‌ನದು ಇನ್ನೊಂದು, ಶೋರೂಮಿನವರದು ಮತ್ತೊಂದು. ಈ ಎರಡು ಜಿಲ್ಲೆಗಳ ಸವಾರರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ಗಾಡಿಯ ಜೊತೆ ಕೊಟ್ಟಿರುವ ಮಾಲೀಕರ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಆ ಅಂಕಿಯನ್ನೇ ಪಾಲಿಸಬೇಕು.

ರನ್ನಿಂಗ್-ಇನ್ ಎಂದರೇನು? ಈಗಿನ ಎಂಜಿನ್‌ಗಳಿಗೂ ಅದು ಬೇಕೇ?

ಬೇಕು. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಗಾಡಿಯನ್ನು ಹದವಾಗಿ ಓಡಿಸುವುದೇ ರನ್ನಿಂಗ್-ಇನ್. ಸಿಲಿಂಡರಿನ ಒಳಗೋಡೆ ಕೈಗೆ ನುಣುಪಾಗಿ ಕಂಡರೂ ಅದರ ಮೇಲೆ ಒಂದನ್ನೊಂದು ಅಡ್ಡಹಾಯುವ ಅತಿ ಸೂಕ್ಷ್ಮ ಗೀರುಗಳನ್ನು ಕಾರ್ಖಾನೆಯಲ್ಲಿ ಬೇಕೆಂದೇ ಮೂಡಿಸಿರುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಪಿಸ್ಟನ್ನಿನ ರಿಂಗುಗಳು ಮೇಲೆ ಕೆಳಗೆ ಓಡಾಡುತ್ತಾ ಗೀರುಗಳ ಚೂಪು ತುದಿಗಳನ್ನು ಸವೆಸಿ, ತಾವೂ ಸ್ವಲ್ಪ ಸವೆದು, ಗೋಡೆಗೆ ಸರಿಯಾಗಿ ಒತ್ತಿ ಕೂರುತ್ತವೆ. ರಿಂಗು ಹೀಗೆ ಕೂರಬೇಕಾದರೆ ಉರಿದ ಅನಿಲದ ಒತ್ತಡ ಅದನ್ನು ಹಿಂದಿನಿಂದ ಗೋಡೆಯತ್ತ ತಳ್ಳಬೇಕು, ಅಂದರೆ ಎಂಜಿನ್ನಿನ ಮೇಲೆ ಹದವಾದ ಭಾರ ಬೀಳಬೇಕು. ಭಾರ ಅತಿಯಾದರೆ ಒಂದೆಡೆ ಬಿಸಿ ಹೆಚ್ಚಿ ಲೋಹ ಉಜ್ಜಿಹೋಗುತ್ತದೆ. ಭಾರವೇ ಇಲ್ಲದಿದ್ದರೆ ಗೀರುಗಳಲ್ಲಿ ಆಯಿಲ್ ಸುಟ್ಟು ಮೆರುಗೆಣ್ಣೆಯಂತೆ ಗಟ್ಟಿಯಾಗಿ, ರಿಂಗು ಕೂರದೆ, ಮುಂದೆ ಗಾಡಿ ಆಯಿಲ್ ಕುಡಿಯಲು ತೊಡಗುತ್ತದೆ. ಗೇರುಗಳ ಹಲ್ಲು, ಕ್ಲಚ್ ಪ್ಲೇಟು, ಕ್ಯಾಮ್ ಮತ್ತು ಬೇರಿಂಗುಗಳು ಪರಸ್ಪರ ಹೊಂದಿಕೊಳ್ಳುವುದೂ ಇದೇ ದಿನಗಳಲ್ಲಿ.

ಇಂದಿನ ಯಂತ್ರಗಳು ಭಾಗಗಳನ್ನು ಹಿಂದಿಗಿಂತ ಬಹಳ ನಿಖರವಾಗಿ ಕಡೆಯುವುದರಿಂದ ಈ ಕೆಲಸ ಬೇಗ ಮುಗಿಯುತ್ತದೆ, ಅಷ್ಟೇ.

ನಮ್ಮ ತಂದೆ ಜಾವಾ ಓಡಿಸಿದವರು. ಎರಡು ಸಾವಿರ ಕಿ.ಮೀ. ಆಗುವವರೆಗೆ ಮೂವತ್ತರ ಮೇಲೆ ಹೋಗಬೇಡ ಎನ್ನುತ್ತಾರೆ. ಅದು ಸರಿಯೇ?

ಮೈಸೂರಿನಲ್ಲಿ ಈ ಪ್ರಶ್ನೆಗೆ ವಿಶೇಷ ಗೌರವದಿಂದ ಉತ್ತರಿಸಬೇಕಾಗುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಅಲ್ಲಿ ದುಡಿದವರು, ಅವರಿಂದ ಕಲಿತವರು, ಆ ಗಾಡಿಗಳನ್ನು ಮಗುವಿನಂತೆ ಸಾಕಿದವರು ಈ ಊರಿನ ಎಷ್ಟೋ ಬಡಾವಣೆಗಳಲ್ಲಿ ಇಂದಿಗೂ ಇದ್ದಾರೆ. ಕಿಕ್ಕರ್ ಆಗಿ ತುಳಿದ ಲಿವರನ್ನೇ ಮುಂದಕ್ಕೆ ತಿರುಗಿಸಿ ಗೇರು ಹಾಕುತ್ತಿದ್ದ ಕಾಲದ ಜ್ಞಾನ ಅವರದು.

ಅವರ ಎಚ್ಚರಿಕೆಗೆ ಅಂದು ಕಾರಣವಿತ್ತು. ಅದು ಟೂ-ಸ್ಟ್ರೋಕ್ ಎಂಜಿನ್. ಅದರ ಪಿಸ್ಟನ್ನಿಗೂ ಬೋರಿಗೂ (ಸಿಲಿಂಡರಿನ ಒಳಗೋಡೆಗೂ) ಸಿಗುತ್ತಿದ್ದ ಆಯಿಲೆಲ್ಲ ಪೆಟ್ರೋಲಿನಲ್ಲಿ ಬೆರೆಸಿದ್ದೇ. ಹೊಸ ಗಾಡಿಯನ್ನು ಒಂದೇ ಸಮ ಜೋರಾಗಿ ಓಡಿಸಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲಿನೊಂದಿಗೆ ಆಯಿಲೂ ನಿಂತು, ಬಿಸಿಯಿಂದ ಹಿಗ್ಗಿದ ಪಿಸ್ಟನ್ ಬೋರಿನಲ್ಲೇ ಹಿಡಿದುಕೊಳ್ಳುತ್ತಿತ್ತು. ನಡುರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಬಿದ್ದವರ ನೆನಪು ಆ ಸಲಹೆಯ ಹಿಂದಿದೆ. ಈಗಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪಂಪು ಸದಾ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ತಂದೆಯವರ ಸಂಯಮವನ್ನು ಉಳಿಸಿಕೊಳ್ಳಿ, ಅವರ ಅಂಕಿಯನ್ನು ಬಿಡಿ. ನಾಲ್ಕನೇ ಗೇರಿನಲ್ಲಿ ಮೂವತ್ತರ ವೇಗದಲ್ಲಿ ಗುಡುಗುಡು ಎನ್ನಿಸುತ್ತಾ ಎಳೆಸುವುದು ಇಂದಿನ ಎಂಜಿನ್ನಿಗೆ ಐವತ್ತರಲ್ಲಿ ಓಡುವುದಕ್ಕಿಂತ ಹೆಚ್ಚು ಹಿಂಸೆ ಕೊಡುತ್ತದೆ.

ಹಾಗಾದರೆ ಎಷ್ಟು ವೇಗದಲ್ಲಿ, ಯಾವ ರಸ್ತೆಯಲ್ಲಿ ಓಡಿಸಬೇಕು?

ವೇಗಕ್ಕಿಂತ ಎಂಜಿನ್ನಿನ ಸುತ್ತು ಮತ್ತು ಕೈಯ ತಿರುವು ಮುಖ್ಯ. ಮೊದಲ 500 ಕಿ.ಮೀ. ಆಕ್ಸಿಲರೇಟರನ್ನು ಅರ್ಧದೊಳಗೇ ಇಟ್ಟು, ಅಲ್ಲಿಂದ ಸಾವಿರದವರೆಗೆ ಮುಕ್ಕಾಲಿನೊಳಗೆ ಇಟ್ಟುಕೊಂಡರೆ ಬಹುತೇಕ ಗಾಡಿಗಳಿಗೆ ಸಾಕು. 100–125 ಸಿಸಿ ಗಾಡಿಗಳಲ್ಲಿ ಇದು ಗಂಟೆಗೆ 45ರಿಂದ 60 ಕಿ.ಮೀ. ಆಸುಪಾಸಿಗೆ ಬರುತ್ತದೆ. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬಾರದು. ಏರಿಸಿ, ಇಳಿಸಿ, ಗೇರು ಬದಲಿಸುತ್ತಾ ಹೋಗುವುದೇ ರಿಂಗು ಕೂರಲು ಬೇಕಾದ ವ್ಯಾಯಾಮ.

ಈ ಕಾರಣಕ್ಕೆ ನೇರ ಹೆದ್ದಾರಿಗಿಂತ ನಮ್ಮ ಸಾಮಾನ್ಯ ರಸ್ತೆಗಳೇ ವಾಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೊಸ ಬೈಕಿನವರಿಗೆ ಇದರಿಂದ ಅನುಕೂಲವೇ ಆಗಿದೆ ಎಂದು ನನ್ನ ಅಭಿಪ್ರಾಯ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ., ನಡುವೆ ಶ್ರೀರಂಗಪಟ್ಟಣದ ಜನಸಂದಣಿ, ಉಬ್ಬುಗಳು, ಬೇಸಿಗೆಯ ಮಧ್ಯಾಹ್ನ ಒಂದು ಎಳನೀರಿನ ನಿಲುಗಡೆ. ಎಂಜಿನ್ ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಮಂಡ್ಯದವರಿಗೆ ಪಾಂಡವಪುರ, ಮೇಲುಕೋಟೆಯ ಕಡೆಯ ಏರಿಳಿತದ ರಸ್ತೆ ಇದೆ.

ಚಾಮುಂಡಿ ಬೆಟ್ಟಕ್ಕೆ ಮೊದಲ ಪೂಜೆಗೆ ಹೋಗಬಹುದೇ ಎಂದು ತುಂಬ ಜನ ಕೇಳುತ್ತಾರೆ. ಧಾರಾಳವಾಗಿ ಹೋಗಿ. ಒಬ್ಬರೇ ಅಥವಾ ಹಗುರವಾದ ಜೊತೆಗಾರರೊಂದಿಗೆ, ಸಣ್ಣ ಗೇರಿನಲ್ಲಿ, ಎಂಜಿನ್ ಏದುಸಿರು ಬಿಡುವ ಮೊದಲೇ ಗೇರು ಇಳಿಸಿ ಹತ್ತಿ. ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರುವ ಅಭ್ಯಾಸ ಮಾತ್ರ ಬೇಡ. ಗೇರಿನಲ್ಲೇ ಇಳಿದರೆ ಎಂಜಿನ್ ಗಾಡಿಯನ್ನು ಹಿಡಿದು ನಿಧಾನಿಸುತ್ತದೆ, ಹೊಸ ಬ್ರೇಕಿನ ಮೇಲೆ ಪೂರ್ತಿ ಹೊರೆ ಬೀಳುವುದಿಲ್ಲ.

ಬೆಳಿಗ್ಗೆ ಎಷ್ಟು ಹೊತ್ತು ಗಾಡಿಯನ್ನು ಸ್ಲೋನಲ್ಲಿ (ನಿಂತಲ್ಲೇ ಎಂಜಿನ್ ಓಡಿಸಿ) ಬಿಡಬೇಕು?

ಅರ್ಧ ನಿಮಿಷದಿಂದ ಒಂದು ನಿಮಿಷ. ಕೀ ತಿರುಗಿಸಿದಾಗ ಟ್ಯಾಂಕಿನೊಳಗಿಂದ ಒಂದೆರಡು ಕ್ಷಣ ‘ಜುಂಯ್’ ಎಂಬ ಸದ್ದು ಬಂದು ನಿಲ್ಲುತ್ತದೆ, ಅದು ಪೆಟ್ರೋಲ್ ಪಂಪು. ಆ ಸದ್ದು ನಿಂತ ಮೇಲೆ ಸೆಲ್ಫ್ ಒತ್ತಿ. ನಂತರ ಮೊದಲ ಎರಡು ಮೂರು ಕಿ.ಮೀ. ಮೆಲ್ಲಗೆ ಹೋಗಿ. ನಿಂತಲ್ಲೇ ಹತ್ತು ನಿಮಿಷ ಬಿಡುವುದರಿಂದ ಪೆಟ್ರೋಲ್ ಹಾಳು, ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ಗಾಳಿಯೂ ಸಿಗುವುದಿಲ್ಲ.

ಮೊದಲ ಸರ್ವಿಸ್ ಯಾವಾಗ? ‘ಫ್ರೀ’ ಎಂದವರು ಹಣ ಏಕೆ ಕೇಳುತ್ತಾರೆ?

ಬಹುತೇಕ ಕಂಪನಿಗಳು 500ರಿಂದ 1000 ಕಿ.ಮೀ. ಒಳಗಿನ ಒಂದು ಮಿತಿಯನ್ನೂ, ಅದರೊಂದಿಗೆ ದಿನಗಳ ಒಂದು ಮಿತಿಯನ್ನೂ ಹೇಳುತ್ತವೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ‘ನಾನಿನ್ನೂ ಮುನ್ನೂರು ಕಿಲೋಮೀಟರೂ ಓಡಿಸಿಲ್ಲ’ ಎಂದು ಮೂರು ತಿಂಗಳು ಬಿಟ್ಟವರ ಕೂಪನ್ ತಿರಸ್ಕೃತವಾಗುತ್ತದೆ, ಮುಂದೆ ವಾರಂಟಿಯ ಮಾತು ಬಂದಾಗಲೂ ತೊಡಕಾಗುತ್ತದೆ. ನಿವೃತ್ತರಿಗೂ, ಮನೆಯ ಹತ್ತಿರವೇ ಕೆಲಸ ಇರುವವರಿಗೂ ಇದನ್ನು ಒತ್ತಿ ಹೇಳುತ್ತೇನೆ. ಫ್ರೀ ಎಂದರೆ ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರ್, ವಾಷರ್‌ಗಳ ಬೆಲೆ ನಿಮ್ಮದೇ.

ಆ ಸರ್ವಿಸ್‌ನಲ್ಲಿ ನಾನು ನಿಂತು ನೋಡಲೇಬೇಕಾದದ್ದು ಏನು?

ಆಯಿಲ್ ಇಳಿಸುವುದನ್ನು ನೋಡಿ. ಎಂಜಿನ್ ಬೆಚ್ಚಗಿರುವಾಗ ಕೆಳಗಿನ ಬೋಲ್ಟ್ ಬಿಚ್ಚಿದರೆ ತಟ್ಟೆಗೆ ಬೀಳುವ ಮೊದಲ ಆಯಿಲ್ ಕಪ್ಪಾಗಿ, ಬಿಸಿಲಿಗೆ ಹಿಡಿದರೆ ಬೂದುಬಣ್ಣದ ಮಿನುಗು ತುಂಬಿಕೊಂಡಿರುತ್ತದೆ. ಬೆರಳಿಗೆ ಒಂದು ಹನಿ ಹಚ್ಚಿ ತಿಕ್ಕಿದರೆ ತರಿ ಹತ್ತದಿದ್ದರೂ ಬೆಳ್ಳಿಯ ಪುಡಿಯಂಥ ಹೊಳಪು ಚರ್ಮದ ಗೆರೆಗಳಲ್ಲಿ ಕೂರುತ್ತದೆ. ರಿಂಗು, ಗೋಡೆ, ಗೇರಿನ ಹಲ್ಲುಗಳು ಸವೆದು ಹೊಂದಿಕೊಂಡದ್ದರ ಗುರುತು ಇದು. ಅದನ್ನು ಕಂಡು ಗಾಬರಿಯಾಗಬೇಡಿ. ಆದರೆ ಬಿಡಿಯಾಗಿ ಕೈಗೆ ಸಿಗುವ ಚೂರುಗಳಿದ್ದರೆ ಕೂಡಲೇ ಕೇಳಿ. ಈ ಮಿನುಗು ಎಂಜಿನ್ನಿನೊಳಗೇ ಸುತ್ತುತ್ತಿರಬಾರದು ಎಂಬುದೇ ಮೊದಲ ಸರ್ವಿಸ್ ಇಷ್ಟು ಬೇಗ ಬರುವುದಕ್ಕೆ ಕಾರಣ. ‘ಆಯಿಲ್ ಇನ್ನೂ ಚೆನ್ನಾಗಿದೆ, ಮುಂದಿನ ಸಲ ಬದಲಿಸೋಣ’ ಎಂಬ ಮಾತನ್ನು ಯಾರೇ ಹೇಳಿದರೂ ಒಪ್ಪಬೇಡಿ.

ಆಮೇಲೆ ಹೊಸ ಆಯಿಲಿನ ಅಳತೆ. ಎಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಕಾದು, ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿದಾಗ ಆಯಿಲ್ ಗಾಜಿನ ಕಿಂಡಿಯ ಅಥವಾ ಅಳತೆಕಡ್ಡಿಯ ಎರಡು ಗೆರೆಗಳ ನಡುವೆ ಇರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿದ ಅಳತೆ ಸುಳ್ಳು ಹೇಳುತ್ತದೆ. ಹೆಚ್ಚು ತುಂಬಿದರೆ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಮೇಲಿನ ಗೆರೆ ದಾಟಿದ ಆಯಿಲ್ ಕಡೆದ ಮಜ್ಜಿಗೆಯಂತೆ ನೊರೆಯೆದ್ದು ಏರ್ ಫಿಲ್ಟರಿನವರೆಗೂ ಹೋಗುತ್ತದೆ.

ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು), ಕ್ಲಚ್ ಲಿವರಿನ ಸಡಿಲ, ಚೈನಿನ ಸಡಿಲ, ಸ್ಟೀರಿಂಗ್ ಬೇರಿಂಗ್, ಚಕ್ರದ ನಟ್ಟು, ಬ್ಯಾಟರಿ, ಬ್ರೇಕು ಇವೆಲ್ಲ ಸರ್ವಿಸ್ ಕೆಲಸಗಳ ಪಟ್ಟಿಯಾದ ಜಾಬ್ ಕಾರ್ಡಿನಲ್ಲಿ ಇದ್ದೇ ಇರುತ್ತವೆ. ಟ್ಯಾಪೆಟ್ ಅಂತರ ಮಿಲಿಮೀಟರಿನ ನೂರರ ಕೆಲವು ಭಾಗಗಳಷ್ಟು ಮಾತ್ರ ಇರುವುದರಿಂದ ಅದನ್ನು ಎಂಜಿನ್ ಪೂರ್ತಿ ತಣಿದಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಹೊಂದಿಸಬೇಕು. ಇದು ಬೇಕಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬರುವುದು ಮೇಲು. ಕೆಲವು ಎಂಜಿನ್‌ಗಳಲ್ಲಿ ತಾನಾಗಿ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುತ್ತದೆ, ಅವುಗಳಿಗೆ ಈ ಕೆಲಸವೇ ಇಲ್ಲ.

ಯಾವ ಆಯಿಲ್ ಹಾಕಿಸಬೇಕು? ಕಾರಿನ ದುಬಾರಿ ಆಯಿಲ್ ಒಳ್ಳೆಯದಲ್ಲವೇ?

ಕೈಪಿಡಿ ಹೇಳಿದ ಗ್ರೇಡು, ಅದರ ಮೇಲೆ ಬೈಕಿನ ಆಯಿಲಿಗೆಂದೇ ಇರುವ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂಬ ಗುರುತು. ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಸಾಮಾನ್ಯವಾಗಿ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ಅಂಶಗಳಿದ್ದು, ಅವು ಕ್ಲಚ್ ಪ್ಲೇಟುಗಳನ್ನು ಜಾರಿಸುತ್ತವೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ತೆಳುವಾದ 10ಡಬ್ಲ್ಯು-30 ಆಯಿಲ್ ಕೇಳುವ ಸಣ್ಣ ಎಂಜಿನ್ನಿಗೆ ‘ನಮ್ಮೂರಲ್ಲಿ ಸೆಕೆ ಜಾಸ್ತಿ’ ಎಂದು ಮಂದವಾದ 20ಡಬ್ಲ್ಯು-50 ಹಾಕಿಸಿದರೆ ತಣ್ಣನೆಯ ಎಂಜಿನ್ ಭಾರವಾಗಿ ತಿರುಗುತ್ತದೆ, ಮೈಲೇಜೂ ತಗ್ಗುತ್ತದೆ.

ಹೊಸ ಗಾಡಿಗೆ ‘ಟ್ಯೂನಿಂಗ್’ ಮಾಡಿಸಿ ಮೈಲೇಜ್ ಸೆಟ್ ಮಾಡಿಸಬಹುದೇ?

ಹಳೆಯ ಗಾಡಿಗಳಲ್ಲಿ ಟ್ಯೂನಿಂಗ್ ಎಂಬುದು ಕಿವಿಯ ವಿದ್ಯೆಯಾಗಿತ್ತು. ಪ್ಲಾಟಿನಂ ಪಾಯಿಂಟಿನ ಅಂತರ ಸರಿಮಾಡಿ, ಪ್ಲಗ್ ಉಜ್ಜಿ, ಕಾರ್ಬ್ಯುರೇಟರಿನ ಏರ್ ಸ್ಕ್ರೂವನ್ನು ಕಾಲು ಸುತ್ತು, ಅರೆ ಸುತ್ತು ತಿರುಗಿಸುತ್ತಾ, ಸದ್ದು ತಿಳಿಯಾದ ಗಳಿಗೆಯಲ್ಲಿ ಕೈ ನಿಲ್ಲಿಸುವ ಮೆಕ್ಯಾನಿಕ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ವಿದ್ಯೆಯನ್ನು ನಾನು ಹಗುರವಾಗಿ ಕಾಣುವವನಲ್ಲ.

ಆದರೆ 2020ರ ಏಪ್ರಿಲ್ 1ರಿಂದ ಬಿಎಸ್‌6 ಎಂಬ ಹೊಗೆ-ಮಾಲಿನ್ಯದ ನಿಯಮ ಜಾರಿಯಾದ ಮೇಲೆ ಬಹುತೇಕ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರು ನಿರ್ಧರಿಸುತ್ತದೆ. ಸೈಲೆನ್ಸರಿನ ಕೊಳವೆಯಲ್ಲಿ ಕೂತ ಆಮ್ಲಜನಕದ ಸಂವೇದಕ, ಎಂಜಿನ್ನಿನ ಬಿಸಿ, ಒಳಬರುವ ಗಾಳಿ ಇವನ್ನೆಲ್ಲ ನೋಡಿ ಅದು ಕ್ಷಣಕ್ಷಣವೂ ಲೆಕ್ಕ ತಿದ್ದಿಕೊಳ್ಳುತ್ತದೆ. ಇಲ್ಲಿ ತಿರುಗಿಸಲು ಸ್ಕ್ರೂವೇ ಇಲ್ಲ. ಇದ್ದಂತೆ ಕಾಣುವ ಥ್ರಾಟಲ್ ಬಾಡಿಯ ಸ್ಕ್ರೂಗೆ ಕಾರ್ಖಾನೆಯವರು ಬಣ್ಣದ ಗುರುತು ಹಾಕಿದ್ದರೆ ಅದನ್ನು ಮುಟ್ಟಬಾರದೆಂದೇ ಅರ್ಥ. ಹೊಸ ಗಾಡಿಯ ನಿಜವಾದ ಟ್ಯೂನಿಂಗ್ ನಡೆಯುವುದು ಮೊದಲ ಸಾವಿರ ಕಿ.ಮೀ.ಗಳಲ್ಲಿ, ಸವಾರನ ಬಲಗೈಯಲ್ಲಿ. ಉಳಿದದ್ದು ಶುದ್ಧ ಏರ್ ಫಿಲ್ಟರ್, ಸರಿಯಾದ ಟ್ಯಾಪೆಟ್, ಸರಿಯಾದ ಆಯಿಲ್, ಟೈರಿನ ಗಾಳಿ. ಸ್ಲೋ ಏರುಪೇರಾದರೆ ಅಥವಾ ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಆರದೆ ಉಳಿದರೆ ದೋಷಸಂಕೇತ ಓದುವ ಉಪಕರಣ ಇರುವಲ್ಲಿಗೇ ಒಯ್ಯಬೇಕು.

ಹೇಳಿದಷ್ಟು ಮೈಲೇಜ್ ಬರುತ್ತಿಲ್ಲ. ಗಾಡಿಯಲ್ಲಿ ದೋಷವಿದೆಯೇ?

ಬಹುಶಃ ಇಲ್ಲ. ಹೊಸ ಎಂಜಿನ್ನಿನಲ್ಲಿ ಘರ್ಷಣೆ ಹೆಚ್ಚು, ಆದ್ದರಿಂದ ಎರಡನೇ ಸರ್ವಿಸ್‌ವರೆಗೆ ಕಾಯಿರಿ. ಮೀಟರಿನ ಅಂಕಿಗಿಂತ ಪುಸ್ತಕದ ಲೆಕ್ಕ ನಂಬಿ: ಟ್ಯಾಂಕ್ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ, ಮುನ್ನೂರು ಕಿ.ಮೀ. ಆದ ಮೇಲೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ದೂರವನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.

ಇ20 ಪೆಟ್ರೋಲಿನಿಂದ ತೊಂದರೆಯೇ?

ಇ20 ಎಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಮಂಡ್ಯದ ಗದ್ದೆಗಳಲ್ಲಿ ನಿಲ್ಲುವ ಕಬ್ಬಿನಂಥ ಬೆಳೆಯಿಂದಲೇ ಅದು ಬರುತ್ತದೆ. ಹೊಸ ಗಾಡಿಗಳ ಕೊಳವೆ, ಸೀಲುಗಳು ಅದಕ್ಕೆಂದೇ ತಯಾರಾಗಿರುತ್ತವೆ. ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿ ಅಥವಾ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಕಡಿಮೆ ಇರುವುದರಿಂದ ಮೈಲೇಜು ಸ್ವಲ್ಪ ತಗ್ಗುವುದು ಸಹಜ. ಅದು ನೀರನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಅರೆ ಟ್ಯಾಂಕಿಗಿಂತ ತುಂಬಿದ ಟ್ಯಾಂಕಿನಲ್ಲಿ ಬಿಟ್ಟು ಹೋಗಲಿ.

ನಿಲ್ಲಿಸಿದ ಮೇಲೆ ಟಿಕ್ ಟಿಕ್ ಎನ್ನುತ್ತದೆ, ಸೈಲೆನ್ಸರ್ ಬಣ್ಣ ತಿರುಗಿದೆ, ಸುಟ್ಟ ವಾಸನೆ ಬರುತ್ತದೆ.

ಮೂರೂ ಸಹಜ. ಬಿಸಿ ಲೋಹ ಕುಗ್ಗುವ ಸದ್ದು ಅದು, ಕೊಳವೆ ಬಿಸಿಗೆ ಬಣ್ಣ ತಿರುಗುತ್ತದೆ, ರಕ್ಷಣೆಗೆ ಬಳಿದ ಲೇಪ ಮೊದಲ ವಾರ ಸುಡುತ್ತದೆ. ಓಡುವಾಗ ಎಂಜಿನ್ ತಲೆಯಿಂದ ಚಟಚಟ ಎಂಬ ಸದ್ದು ಹೆಚ್ಚುತ್ತಾ ಹೋದರೆ ಮಾತ್ರ ಟ್ಯಾಪೆಟ್ ನೋಡಿಸಿ.

ಚೈನ್ ಎಷ್ಟು ಸಡಿಲ ಇರಬೇಕು?

ನನ್ನ ಗಾಡಿಯಲ್ಲೇ ಆದದ್ದನ್ನು ಹೇಳುತ್ತೇನೆ. ಮೊದಲ ಸರ್ವಿಸ್ ಮುಗಿಸಿ ಮನೆಗೆ ಹೊರಟಾಗ ಗಾಡಿ ಬಹಳ ಬಿಗಿಯಾಗಿ, ಚುರುಕಾಗಿ ಇರುವಂತೆ ಅನ್ನಿಸಿ ಸಂತೋಷಪಟ್ಟಿದ್ದೆ. ಮರುದಿನ ಹೆಂಡತಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗುವಾಗ ಪ್ರತಿ ಉಬ್ಬಿನಲ್ಲೂ ಕಾಲಿನ ಬಳಿಯಿಂದ ‘ಕಿರ್ರ್’ ಎಂಬ ನರಳಿಕೆ ಕೇಳಿತು. ದಾರಿಬದಿಯ ಹುಣಸೆಮರದ ಕೆಳಗೆ ನಿಲ್ಲಿಸಿ ಚೈನಿಗೆ ಬೆರಳಿಟ್ಟರೆ ವೀಣೆಯ ತಂತಿಯಂತೆ ಬಿಗಿದಿತ್ತು, ಮೇಲೆ ಕೆಳಗೆ ಒಂದಿಷ್ಟೂ ಆಡಲಿಲ್ಲ. ಹಿಂದೆ ಭಾರ ಬಿದ್ದು ಸಸ್ಪೆನ್ಷನ್ ಕುಗ್ಗಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿನ ಮೇಲೂ ಹಿಂದಿನ ಚಕ್ರದ ಬೇರಿಂಗಿನ ಮೇಲೂ ಬೀಳುತ್ತದೆ. ಸಡಿಲಿಸಿಕೊಂಡ ಮೇಲೆ ನರಳಿಕೆ ನಿಂತಿತು, ಆದರೆ ಆ ಇಪ್ಪತ್ತು ಕಿ.ಮೀ. ಬೇರಿಂಗುಗಳು ಪಟ್ಟ ಪಾಡು ನನ್ನ ಮನಸ್ಸಿನಲ್ಲಿ ಉಳಿಯಿತು.

ಬಹಳಷ್ಟು ಸಣ್ಣ ಬೈಕುಗಳಲ್ಲಿ ಕೆಳಗಿನ ಚೈನಿನ ಮಧ್ಯದಲ್ಲಿ 20ರಿಂದ 30 ಮಿ.ಮೀ. ಆಟ ಇರಬೇಕು, ಎಂದರೆ ಸುಮಾರು ಒಂದು ಅಂಗುಲ. ಸರಿಯಾದ ಅಂಕಿ ಹೆಚ್ಚಾಗಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಚೀಟಿಯಲ್ಲೇ ಇರುತ್ತದೆ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ ಒರೆಸಿ ಚೈನ್ ಲೂಬ್ ಅಥವಾ 90 ಗ್ರೇಡಿನ ಗೇರ್ ಆಯಿಲ್ ಹಚ್ಚಿ. ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲನ್ನು ಚೈನಿಗೆ ಬಳಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಮೇಲೆ ಹೇಳಿದ ಮಿನುಗು ಪುಡಿಯನ್ನೇ ಚೈನಿನ ಕೀಲುಗಳಿಗೆ ಉಣ್ಣಿಸಿದಂತಾಗುತ್ತದೆ, ದಯವಿಟ್ಟು ನಿಲ್ಲಿಸಿ.

ಹೊಸ ಟೈರು, ಹೊಸ ಬ್ರೇಕಿಗೂ ರನ್ನಿಂಗ್-ಇನ್ ಇದೆಯೇ?

ಇದೆ, ಮತ್ತು ಪ್ರಾಣದ ದೃಷ್ಟಿಯಿಂದ ಎಂಜಿನ್ನಿನದಕ್ಕಿಂತ ಇದೇ ಮುಖ್ಯ. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿ.ಮೀ. ತಿರುವಿನಲ್ಲಿ ಹೆಚ್ಚು ವಾಲಬೇಡಿ, ಅದರಲ್ಲೂ ಮಳೆ ಹನಿದ ರಸ್ತೆಯಲ್ಲಿ. ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ನಿಲ್ಲುವ ದೂರ ಹೆಚ್ಚಿರುತ್ತದೆ, ಆದ್ದರಿಂದ ಮುಂದಿನ ಬಸ್ಸಿನಿಂದ ಹೆಚ್ಚು ಅಂತರ ಬಿಡಿ.

ಆಯುಧಪೂಜೆಗೆ ಹೊಸ ಗಾಡಿಯನ್ನು ವಾಟರ್ ವಾಷ್ ಮಾಡಿಸಬಹುದೇ?

ಮಾಡಿಸಿ, ಆದರೆ ಎಂಜಿನ್ ತಣಿದ ಮೇಲೆ. ಜೋರು ನೀರಿನ ಕೊಳವೆಯನ್ನು ಚಕ್ರದ ನಡುಭಾಗ, ಸೈಲೆನ್ಸರ್ ಬಾಯಿ, ಸ್ವಿಚ್ಚು, ಸೀಟಿನ ಕೆಳಗಿನ ತಂತಿಗಳ ಕಡೆ ಹಿಡಿಯದಂತೆ ಹೇಳಿ. ತೊಳೆದ ಮೇಲೆ ಚೈನಿಗೆ ಎಣ್ಣೆ ಮರೆಯಬೇಡಿ. ಪೂಜೆಯಲ್ಲಿ ಅರಿಶಿನ ಕುಂಕುಮವನ್ನು ಕೀ ತೂರಿಸುವ ಕಿಂಡಿಗೂ ಆಯಿಲಿನ ಗಾಜಿಗೂ ಹಚ್ಚದೆ ಟ್ಯಾಂಕಿಗೋ ಹೆಡ್‌ಲೈಟಿಗೋ ಹಚ್ಚಿ. ಹಾರದ ದಾರವನ್ನು ಹಿಂದಿನ ಚಕ್ರದ ಹತ್ತಿರ ಇಳಿಬಿಡಬೇಡಿ. ಚೋಟುದ್ದದ ದಾರ ಚೈನಿಗೆ ಸುತ್ತಿಕೊಂಡರೂ ಬಿಡಿಸಲು ಅರ್ಧ ಗಂಟೆ ಬೇಕು.

ಸುಗ್ಗಿಯಲ್ಲಿ ರಸ್ತೆಯ ಮೇಲೆ ಹಾಸಿದ ರಾಗಿ, ಹುರುಳಿಯ ಮೇಲೆ ಓಡಿಸಬಹುದೇ?

ಒಕ್ಕಣೆಗೆ ಹಾಸಿದ ಹುಲ್ಲಿನ ಮೇಲೆ ಹೋಗಲೇಬೇಕಾದರೆ ಬ್ರೇಕ್ ಹಿಡಿಯದೆ, ನೇರವಾಗಿ, ಮೆಲ್ಲಗೆ ದಾಟಿ. ಆಮೇಲೆ ಸುರಕ್ಷಿತ ಜಾಗದಲ್ಲಿ ನಿಂತು ಎಂಜಿನ್ ಆಫ್ ಮಾಡಿ ಕೆಳಗೆ ನೋಡಿ. ಬಿಎಸ್‌6 ಗಾಡಿಯ ಸೈಲೆನ್ಸರಿನೊಳಗಿನ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಹಳ ಬಿಸಿಯಾಗುತ್ತದೆ, ಅದಕ್ಕೆ ಅಂಟಿದ ಒಣಹುಲ್ಲು ಹೊತ್ತಿಕೊಳ್ಳಬಹುದು. ಚಕ್ರದ ಅಚ್ಚಿಗೆ, ಚೈನಿಗೆ ಸುತ್ತಿದ ಹುರುಳಿಬಳ್ಳಿಯನ್ನು ಕಡ್ಡಿಯಿಂದ ಬಿಡಿಸಿ, ಚಕ್ರ ತಿರುಗುವಾಗ ಬೆರಳು ಹಾಕಬೇಡಿ.

ಸೈಲೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯಂತೆ?

ಸದ್ದು ಹೆಚ್ಚುತ್ತದೆ. ಇಸಿಯುವಿನ ಲೆಕ್ಕ ಮೂಲ ಸೈಲೆನ್ಸರಿಗೆ ಬರೆದದ್ದು, ಬೇರೆಯದನ್ನು ಹಾಕಿದರೆ ಗಾಳಿ–ಪೆಟ್ರೋಲಿನ ಹದ ತಪ್ಪಿ ಎಂಜಿನ್ ಬಿಸಿಯಾಗಿ ಓಡಬಹುದು. ವಾರಂಟಿಗೆ ಧಕ್ಕೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಅನುಮತಿಯಿಲ್ಲದ ಮಾರ್ಪಾಡು ತಪ್ಪು. ಆಸ್ಪತ್ರೆಗಳ ಮುಂದೆ, ಓದುವ ಮಕ್ಕಳ ಮನೆಗಳ ಮುಂದೆ ಆ ಸದ್ದು ಎಬ್ಬಿಸುವುದು ನನಗೆ ಸರಿಕಾಣುವುದಿಲ್ಲ.

ಸಾವಿರ ಕಿ.ಮೀ. ಮುಗಿಯಿತು, ಮೊದಲ ಸರ್ವಿಸ್ ಆಯಿತು. ಇನ್ನು ಪೂರ್ತಿ ವೇಗದಲ್ಲಿ ಓಡಿಸಬಹುದೇ?

ಒಂದೇ ದಿನದಲ್ಲಿ ಬೇಡ. ಮುಂದಿನ ನಾಲ್ಕೈದು ನೂರು ಕಿ.ಮೀ.ಗಳಲ್ಲಿ, ಎಂಜಿನ್ ಪೂರ್ತಿ ಬೆಚ್ಚಗಾದ ಮೇಲೆ, ಖಾಲಿ ರಸ್ತೆಯಲ್ಲಿ ಕೆಲವು ಕ್ಷಣ ಸುತ್ತು ಏರಿಸಿ ಮತ್ತೆ ಇಳಿಸುತ್ತಾ ಮಿತಿಯನ್ನು ಮೆಲ್ಲಗೆ ಮೇಲಕ್ಕೆ ಒಯ್ಯಿರಿ. ಈ ಅವಧಿಯಲ್ಲಿ ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ. ರಿಂಗು ಚೆನ್ನಾಗಿ ಕೂತ ಎಂಜಿನ್ನಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಇಳಿಯುವುದಿಲ್ಲ. ಇಳಿಯುತ್ತಿದ್ದರೆ ದಿನಾಂಕ, ಕಿ.ಮೀ., ಮಟ್ಟ ಮೂರನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಎರಡನೇ ಸರ್ವಿಸ್‌ಗೆ ಕಾಯದೆ ತೋರಿಸಿ, ಅವರು ನೋಡಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿಯನ್ನು ಇಟ್ಟುಕೊಳ್ಳಿ.